ಬಸವಣ್ಣೆವ್ವ ಮತ್ತು ಪಾಲಿನ ಫೋಲ್ಡರು

ನವಲಗುಂದದ ಕಡೆ ಕಸೂತಿ ಹಾಕುವ ಹೆಣ್ಣುಮಕ್ಕಳು ಗೋಪುರ ಹಾಕುತ್ತಾರೆ, ಅಂಬಾರಿ ಆನೆ ಹಾಕುತ್ತಾರೆ, ನವಿಲು, ತುಳಸಿಕಟ್ಟೆ ಹಾಕುತ್ತಾರೆ. ರುದ್ರವ್ವ ಎಂಬಾಕೆ ಮಾತ್ರ ತನ್ನ ಕರಿ ಸೀರೆಯ ಸೆರಗಿಗೆ ಬಿತ್ತುವ ಕೂರಿಗೆ ಹಾಕಿದ್ದಳು. ಮುಂದೆ ಎರಡು ಎತ್ತು, ನಡುವೆ ಕೂರಿಗೆ, ಹಿಂದೆ ಉಡಿಯಲ್ಲಿ ಬೀಜ ಕಟ್ಟಿಕೊಂಡು ಬಾಗಿದ ಹೆಂಗಸು. ಊರ ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕರಂತೆ. "ನಾಳೆ ಸಗಣಿ ಬುಟ್ಟಿನೂ ಹಾಕ್ತಿ ಏನ ರುದ್ರೀ?" ಎಂದರೆ, "ಅದನ್ನ ನಿನ್ನ ಸೀರಿಗೆ ಹಾಕಿ ಕೊಡ್ತೀನಿ, ತಗೊಂಡು ಬಾ" ಅಂದಳಂತೆ.

ಆ ರುದ್ರವ್ವನ ಮಗಳು ಬಸವಣ್ಣೆವ್ವ. ಮರಾಠಿ ಸೀಮೆಯ ಕಾರ್ಖಾನೆಗಳ ಊರು ಭೋಸರಿಯ ನಮ್ಮ ಚಾಳಿನಲ್ಲಿ ಆಕೆಯ ಮನೆ ನೀರಿನ ನಳದ ಎದುರಿಗೇ ಇದೆ. ಗಂಡ ಅಪ್ಪಾಸಾಹೇಬ ಪ್ರೆಸ್ ಅಂಗಡಿಯಲ್ಲಿ ತಗಡು ಬಡಿದು ಬಡಿದು ಕಿವಿ ಕಳೆದುಕೊಂಡ, ಆಮೇಲೆ ಜೀವವನ್ನೂ. ಆಕೆ ಅಳುತ್ತ ಕೂಡುವ ಪೈಕಿ ಅಲ್ಲ. ಮುಚ್ಚಿಹೋದ ಒಂದು ಕಾರ್ಖಾನೆಯಿಂದ ಕಸೂತಿ ಹಾಕುವ ಕಂಪ್ಯೂಟರ್ ಮಶಿನ್ ತಂದಳು. ಅದರ ಜೊತೆಗೆ ಚಿತ್ರ ಬರೆಯುವ ಸಾಫ್ಟ್‌ವೇರಿನ ಒಂದು ಸಿಡಿ, ಒಂದು ಹಳೆಯ ಕಂಪ್ಯೂಟರ್ ಬಂದವು. ಇಂಗ್ಲಿಷ್ ಅಕ್ಷರ ಬಾರದು. ಗುಂಡಿಯ ಮೇಲೆ ಏನು ಬರೆದಿದೆ ಎಂದಲ್ಲ, ಗುಂಡಿ ಎಲ್ಲಿದೆ ಎಂದು ನೋಡಿ ನೋಡಿಯೇ ಕಲಿತಳು. ಸಾಲೆ ಕಟ್ಟೆ ಹತ್ತದವರು ಕಲಿಯುವ ಬಗೆಯೇ ಅದು, ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಚಿಂಚವಾಡದಿಂದ ಹಿಂಜವಾಡಿಯ ತನಕ ಹೆಂಗಸರು ಕುಪ್ಪಸದ ತುಂಡು ಹಿಡಿದು ಅವಳ ಬಾಗಿಲಿಗೆ ಬಂದರು.

ಆಮೇಲೆ ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿಯಿತು. ಕಣ್ಣಿನ ಹಿಂಭಾಗದಲ್ಲಿ ಹೋದದ್ದು ಮರಳಿ ಬರುವುದಿಲ್ಲ, ಇದ್ದದ್ದನ್ನು ಕಾಯ್ದುಕೊಳ್ಳಿ ಎಂದು ಡಾಕ್ಟರು ಹೇಳಿದರು. ಬಸವಣ್ಣೆವ್ವ ಮನೆಗೆ ಬಂದವಳೇ ಟ್ರಂಕು ತೆಗೆದಳು. ತಾಯಿಯ ಸೀರೆಗಳನ್ನು ಬಿಸಿಲಿಗೆ ಹಿಡಿದು, ಭೂತಗನ್ನಡಿಯಲ್ಲಿ ಎಳೆ ಎಣಿಸಿ, ಒಂದೊಂದೇ ಚಿತ್ರವನ್ನು ಕಂಪ್ಯೂಟರಿಗೆ ಇಳಿಸಿದಳು. ಕಣ್ಣು ಮುಚ್ಚುವುದರೊಳಗೆ ಮುಗಿಸಬೇಕು ಎಂಬ ಒಂದೇ ಹಟ. ಒಂದು ಮಳೆಗಾಲ, ಒಂದು ಚಳಿಗಾಲ ಹೋಯಿತು. ಕಟ್ಟಕಡೆಗೆ ಕೂರಿಗೆಯನ್ನು ಇಳಿಸಿದ ದಿನ ಚಾಳಿಗೆಲ್ಲ ಶೇಂಗಾ ಹೋಳಿಗೆ ಕೊಟ್ಟಳು.

ಸೀರೆಗಳು ಅಷ್ಟೊತ್ತಿಗೆ ಮಡಿಕೆ ಮಡಿಕೆಗೂ ಒಡೆದು ಚಿಂದಿಯಾಗಿದ್ದವು. ಸೊಸೆ ಇಂದೂ ಗುಣಗುಣ ಅಂದಳು. "ಅತ್ತಿ, ಎಲ್ಲಾ ಕಂಪ್ಯೂಟರಿನ್ಯಾಗ ಅದ ಅಂತೀರಿ. ಈ ಚಿಂದಿ ಯಾಕ? ಟ್ರಂಕಿನ ತುಂಬ ಜಿರಳಿ ಸಂಸಾರ ಹೂಡ್ಯಾವ."

ಹಳೇ ಬಟ್ಟೆಗೆ ಪಾತ್ರೆ ಕೊಡುವ ಹೆಂಗಸು ಓಣಿಯಲ್ಲಿ ಕೂಗುತ್ತ ಬಂದಾಗ ಬಸವಣ್ಣೆವ್ವ ತಾನೇ ಗಂಟು ಕಟ್ಟಿ ಕೊಟ್ಟಳು. ಬದಲಿಗೆ ಒಂದು ಸ್ಟೀಲ್ ಡಬ್ಬಿ ಬಂತು.

ಮುಂದೆ ಒಂದು ಮಧ್ಯಾಹ್ನ ಕರೆಂಟು ಹೋಗಿ ಬಂದದ್ದೇ ನೆಪ, ಹಳೇ ಕಂಪ್ಯೂಟರ್ ಹೊಗೆ ಬಿಟ್ಟು ಮಲಗಿತು. ಪಿಂಪ್ರಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟ ಸ್ವಪ್ನಿಲ್ ಬಂದ. ಗಡ್ಡ ನರೆತ ಸಂಸಾರಸ್ಥ, ಕೆಲಸದಲ್ಲಿ ಪ್ರಾಮಾಣಿಕ. ಹಳೆಯದರಿಂದ ಚಿತ್ರಗಳನ್ನೆಲ್ಲ ಜೋಪಾನವಾಗಿ ತೆಗೆದು ಹೊಸ ಕಂಪ್ಯೂಟರಿಗೆ ಹಾಕಿದ. ಹಳೆಯದು ಗುಜರಿಗೆ ಹೋಯಿತು. ಆದರೆ ಚಿತ್ರ ಬರೆಯುವ ಆ ಸಾಫ್ಟ್‌ವೇರು ಹೊಸದರಲ್ಲಿ ನಡೆಯಲೊಲ್ಲದು. ಆ ಸಾಫ್ಟ್‌ವೇರು ಮಾರುತ್ತಿದ್ದವನನ್ನು ಕೇಳೋಣವೆಂದರೆ ಅವನ ಅಂಗಡಿಯಲ್ಲಿ ಈಗ ಮೊಬೈಲ್ ಕವರು ಮಾರುತ್ತಾರೆ.

"ಕಾಕೂ, ಒಂದು ಹಾದಿ ಅದ" ಎಂದ ಸ್ವಪ್ನಿಲ್. "ಈ ಹೊಸಾದರ ಹೊಟ್ಟ್ಯಾಗ ಒಂದು ಹಳೇ ನಮೂನಿ ಕಂಪ್ಯೂಟರ್ ಕೂಡಸ್ತೀನಿ. ವರ್ಚುವಲ್ ಮಶಿನ್ ಅಂತಾರ ಅದಕ್ಕ."

"ಬಸರ ಮಾಡ್ತಿ ಅನ್ನು."

"ಹಂಗ ತಿಳ್ಕೋರಿ!" ಎಂದು ನಕ್ಕ. "ಒಳಗಿಂದ್ರಾಗ ನಿಮ್ಮ ಚಿತ್ರದ ಕೆಲಸ. ಆದ್ರ ಅದಕ್ಕ ಪೆನ್ ಡ್ರೈವ್ ಕಾಣ್ಸೂದಿಲ್ಲ. ಪೆನ್ ಡ್ರೈವ್ ಹೊರಗಿಂದಕ್ಕ ಹಚ್ಚಬೇಕು. ಒಳಗಿಂದು ಹೊರಗ ಬರಾಕ ಒಂದು ಶೇರ್ಡ್ ಫೋಲ್ಡರ್ ಮಾಡೀನಿ. ಹೆಸರು ಕಸೂತಿ."

"ಶೇರ್ಡ್ ಅಂದ್ರ?"

ಸ್ವಪ್ನಿಲ್ ಹುಟ್ಟಿದ್ದು ಬೆಳೆದದ್ದು ಪಿಂಪ್ರಿಯಲ್ಲೇ. ಅವನ ಕನ್ನಡವೆಲ್ಲ ಅಜ್ಜಿಯಿಂದ ಬಂದದ್ದು, ಅಜ್ಜಿ ಹೋದ ಮೇಲೆ ಬೆಳೆದಿಲ್ಲ. ತಲೆ ಕೆರೆದುಕೊಂಡ. "ಶೇರ್ ಅಂದ್ರ... ಹಿಸ್ಸಾ. ವಾಟಾ. ಕನ್ನಡದಾಗ ಏನಂತಾರ... ಹಾಂ, ಪಾಲು. ಒಳಗಿಂದಕ್ಕೂ ಹೊರಗಿಂದಕ್ಕೂ ಪಾಲು ಅದ."

"ಪಾಲು. ಅಷ್ಟ ಹೇಳು ಮತ್ತ."

ಪಾಲು ಎಂದರೆ ಬಸವಣ್ಣೆವ್ವನಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಅಪ್ಪಾಸಾಹೇಬನೂ ಅವನ ಅಣ್ಣನೂ ಬೇರೆಯಾದಾಗ ಅಡುಗೆಮನೆಯ ನಟ್ಟನಡುವೆ ಗೋಡೆ ಎದ್ದದ್ದನ್ನು ಕಂಡವಳು. ಪಾಲಾದ ಮೇಲೆ ಇವರದು ಇವರಿಗೆ, ಅವರದು ಅವರಿಗೆ. ಇಲ್ಲಿ ಗಡಿಗೆ ಒಡೆದರೆ ಅಲ್ಲಿಯ ಗಡಿಗೆ ಮಿಸುಕದು. ಅವಳ ಕಣ್ಣಿಗೂ ಹಾಗೆಯೇ ಕಂಡಿತು. ಹೊರಗಿನ ಕಂಪ್ಯೂಟರಿನಲ್ಲಿ ಕಸೂತಿ ಎಂಬ ಒಂದು ಫೋಲ್ಡರು, ಒಳಗಿನದರಲ್ಲಿ ಕಸೂತಿ ಎಂಬ ಇನ್ನೊಂದು. ಎರಡರಲ್ಲೂ ಅವೇ ಆನೆ, ಅವೇ ಗೋಪುರ, ಅದೇ ಕೂರಿಗೆ. ಇಬ್ಬರಿಗೂ ಪಾಲು ಸರಿಯಾಗಿ ಬಂದಿದೆ ಎಂದು ಸಮಾಧಾನ ಪಟ್ಟಳು. ಒಂದಕ್ಕೆ ಎರಡಿದ್ದರೆ ಜೀವಕ್ಕೆ ಎಷ್ಟು ಹಗುರ!

ಕೆಲವು ತಿಂಗಳಿಗೆ ಒಳಗಿನ ಕಂಪ್ಯೂಟರ್ ಏದುಸಿರು ಬಿಡತೊಡಗಿತು. ಫೋನು ಮಾಡಿದರೆ ಸ್ವಪ್ನಿಲ್, "ಜಾಗಾ ತುಂಬಿರಬೇಕು ಕಾಕೂ, ಒಳಗಿಂದ್ರಾಗ ಬ್ಯಾಡಾದ್ದು ಇದ್ರ ತಗೀರಿ" ಅಂದ. ಬೇಡಾದದ್ದು ಏನು? ಮಶಿನ್ನಿಗೆ ಹೋಗುವುದೆಲ್ಲ ಹೊರಗಿನ ಪಾಲಿನಿಂದ. ಒಳಗಿನ ಪಾಲು ಸುಮ್ಮನೆ ಕೂತು ಜಾಗ ತಿನ್ನುತ್ತಿದೆ. ಒಂದು ಹಿಡಿ ಹಿಟ್ಟನ್ನೂ ಚೆಲ್ಲದ ಹೆಂಗಸು ಅದನ್ನು ಸಹಿಸುವುದುಂಟೇ? ಒಳಗೆ ಹೋದಳು, ಎಲ್ಲವನ್ನೂ ಆರಿಸಿದಳು, ಅಳಿಸುವ ಗುಂಡಿ ಒತ್ತಿದಳು. ಕಂಪ್ಯೂಟರ್ ಏನೋ ಕೇಳಿತು. ಎಂದಿನ ಜಾಗದಲ್ಲಿ ಎಂದಿನ ಹಾಗೆ ಎರಡು ಗುಂಡಿ. ಯಾವಾಗಲೂ ಒತ್ತುವ ಎಡಗಡೆಯದನ್ನೇ ಒತ್ತಿದಳು. ಕಸದ ಬುಟ್ಟಿಗೂ ಹೋಗುವುದಿಲ್ಲ, ಕಾಯಂ ಆಗಿ ಹೋಗುತ್ತದೆ ಎಂದು ಅದು ಈ ಸಲ ಇಂಗ್ಲಿಷಿನಲ್ಲಿ ಹೇಳಿತ್ತು.

ಮರುದಿನ ಹಿಂಜವಾಡಿಯ ಶೈಲಾ ಎಂಬ ಹೆಣ್ಣುಮಗಳು ಸೀರೆ ತಂದಳು. ಧಾರವಾಡದ ಕಡೆಯವಳು. ಯಾರದೋ ಕುಪ್ಪಸದ ಬೆನ್ನ ಮೇಲೆ ಎತ್ತು ನೋಡಿ, ಅದರ ಹಿಂದೆ ಕೂರಿಗೆಯೂ ಉಂಟೆಂದು ತಿಳಿದು, ವಿಳಾಸ ಕೇಳಿಕೊಂಡು ಬಂದಿದ್ದಳು. "ಸೆರಗಿನ ತುಂಬ ಕೂರಿಗೀನ ಬೇಕ್ರಿ. ಇದು ಮತ್ತೆಲ್ಲೂ ಸಿಗೂದಿಲ್ಲ" ಅಂದಳು. ಬಸವಣ್ಣೆವ್ವನ ಮುಖ ಅರಳಿತು. ಪೆನ್ ಡ್ರೈವ್ ಹಚ್ಚಿ ಹೊರಗಿನ ಫೋಲ್ಡರು ತೆರೆದಳು.

ಏನೂ ಇರಲಿಲ್ಲ.

ಕನ್ನಡಕ ಒರೆಸಿ ಮತ್ತೆ ನೋಡಿದಳು. ಮುಚ್ಚಿ ತೆರೆದಳು. ಒಳಗೆ ಹೋಗಿ ನೋಡಿದಳು, ಹೊರಗೆ ಬಂದು ನೋಡಿದಳು. ನಾನು ನಳಕ್ಕೆ ಕೊಡ ಹಚ್ಚಿ ನಿಂತಿದ್ದೆ. "ಇಂದೂ, ಹೊರಗಿನ ಪಾಲು ಯಾರು ಮುಟ್ಟಿದ್ರು?" ಎಂಬ ಕೂಗು ಕೇಳಿಸಿತು. ಅಂಥ ದನಿ ಆಕೆಯದು ಎಂದು ಗುರುತೇ ಹತ್ತಲಿಲ್ಲ.

ಸ್ವಪ್ನಿಲ್ ಬರುವ ತನಕ ಕಂಪ್ಯೂಟರಿನ ಮೂಲೆ ಮೂಲೆ ತಡಕಿದಳು. ಅವನು ಬಂದವನೇ ಒಳಗಿನದನ್ನೂ ಹೊರಗಿನದನ್ನೂ ತೆರೆದು ನೋಡಿದ.

"ಒಳಗಿಂದು ಅಳಿಸಿದ್ರ್ಯಾ ಕಾಕೂ?"

"ಒಳಗಿಂದು ಅಳಿಸಿದೆ. ಹೊರಗಿಂದು ಎಲ್ಲಿ ಹೋತು?"

"ಎರಡ ಇರಲಿಲ್ಲರೀ. ಫೋಲ್ಡರ್ ಒಂದ. ಒಳಗಿನಿಂದ ನೋಡಿದ್ರೂ ಅದ, ಹೊರಗಿನಿಂದ ನೋಡಿದ್ರೂ ಅದ."

ಕಸೂತಿಯಲ್ಲಿ ಗವಂತಿ ಎಂಬ ಹೊಲಿಗೆ ಇದೆ. ಗಂಟು ಹಾಕದೆ ಒಂದೇ ದಾರದಲ್ಲಿ ಹೋಗಿ ಮರಳಿ ಬರಬೇಕು. ಬಟ್ಟೆಯ ಮುಖ ನೋಡಿದರೂ ಬೆನ್ನು ನೋಡಿದರೂ ಅದೇ ಚಿತ್ರ. ಬೆನ್ನಿನ ಕಡೆ ಕತ್ತರಿ ಆಡಿಸಿದರೆ ಮುಖವೂ ಬಿಚ್ಚಿಕೊಳ್ಳುತ್ತದೆ.

"ಹಂಗಾದ್ರ ಗವಂತಿ ಅನ್ನಬೇಕಿತ್ತಲ್ಲೋ ತಮ್ಮಾ" ಎಂದಳು ಮೆಲ್ಲಗೆ. "ಪಾಲು ಯಾಕ ಅಂದಿ?"

ಸ್ವಪ್ನಿಲ್‌ಗೆ ಆ ಮಾತು ಎಷ್ಟು ತಿಳಿಯಿತೋ, ತಲೆ ತಗ್ಗಿಸಿದ. ಹಳೇ ತಿರುಗುವ ಡಿಸ್ಕ್ ಆಗಿದ್ದರೆ ಅಳಿಸಿದ ಮೇಲೂ ಏನಾದರೂ ಉಳಿದಿರುತ್ತಿತ್ತು, ಈ ಹೊಸ ಚಿಪ್ ಡಿಸ್ಕ್ ಅಳಿಸಿದ ಜಾಗವನ್ನು ತಾನೇ ತೊಳೆದು ಇಡುತ್ತದೆ ಎಂದ. ಅವನ ಅಂಗಡಿಯಲ್ಲೂ ನಕಲು ಇರಲಿಲ್ಲ. ಗಿರಾಕಿ ನೋಡಿ ಸರಿ ಅಂದ ಮೇಲೆ ತೆಗೆದುಬಿಡುವುದು ಅವನ ರೂಢಿ. ಆದರೂ ಕಂಪ್ಯೂಟರ್ ಒಯ್ದು ಎರಡು ದಿನ ಹೆಣಗಿದ. ಹೆಸರುಗಳು ಮರಳಿ ಬಂದವು. ಕೂರಿಗೆ ಎಂಬ ಹೆಸರೂ ಬಂತು. ತೆರೆದರೆ ಬರೀ ಬಿಳಿ. ಕಸೂತಿ ಮಶಿನ್ನಿನ ನೆನಪಿನಲ್ಲಿ ಏನಾದರೂ ಉಳಿದಿದೆಯೇ ಎಂದು ಅದನ್ನೂ ತೆಗೆದು ನೋಡಿದರು. ಉಳಿದದ್ದು ಒಂದು ಅಡುಗೆ ಕಂತ್ರಾಟುದಾರನ ಟೋಪಿಯ ಗುರುತು, ಒಂದು ಸೊಸೈಟಿಯ ವಾಚಮನ್ನನ ಬಿಲ್ಲೆ. ಶೈಲಾಗೆ ಎತ್ತು ತೋರಿಸಿದ ಕುಪ್ಪಸವನ್ನು ಹುಡುಕಿಸಿದರು. ಅದರ ಮೇಲೆ ಇದ್ದದ್ದು ಒಂಟಿ ಎತ್ತು. ಗಿರಾಕಿಗೆ ಅಷ್ಟೇ ಸಾಕಾಗಿತ್ತಂತೆ.

ಬಸವಣ್ಣೆವ್ವ ಆ ಎತ್ತಿನ ಹಿಂದೆ ಉಳಿದದ್ದನ್ನು ಕೈಯಿಂದಲೇ ಹಾಕುತ್ತೇನೆಂದು ಜಾಳು ಬಟ್ಟೆ ತರಿಸಿದಳು. ಇಂದೂ ಪಕ್ಕದಲ್ಲಿ ಕೂತಳು. ಸೀರೆಗಳನ್ನು ಪಾತ್ರೆಯವಳಿಗೆ ಹಾಕಿಸಿದ್ದು ತಾನೇ ಎಂಬುದನ್ನು ಆಕೆ ಮರೆತಿರಲಿಲ್ಲ.

"ನೀವು ಹೇಳ್ರಿ ಅತ್ತಿ, ಎಳಿ ನಾ ಎಣಸ್ತೀನಿ."

"ಏನಂತ ಹೇಳ್ಲೆ? ಅವ್ವನ ಸೀರಿ ಮುಂದಿದ್ರ ಬೆರಳು ಓಡ್ತಿತ್ತು. ಬಾಗಿದ ಹೆಣ್ಣುಮಗಳ ಬೆನ್ನು ಎಲ್ಲಿ ಮುರೀತದ? ಉಡಿ ಎಷ್ಟು ಉಬ್ಬೇದ? ನನಗ ಗೊತ್ತಿಲ್ಲವಾ."

ಹಾಕಿದಳು, ಬಿಚ್ಚಿದಳು. ಬೆರಳಿನಿಂದ ತಡವಿ ನೋಡಿದಳು. ಕೂರಿಗೆ ಏಣಿಯ ಹಾಗಾಯಿತು. ಹೆಂಗಸು ಮೊಳೆಯ ಹಾಗೆ ನೆಟ್ಟಗೆ ನಿಂತಳು, ಬಾಗಲೇ ಇಲ್ಲ. ಕೊನೆಗೆ ಸೂಜಿಯ ಕಣ್ಣೇ ಕಾಣದಾಯಿತು. ಬಟ್ಟೆಯನ್ನು ಮಡಚಿ ಇಂದೂಳ ಕೈಗೆ ಕೊಟ್ಟು, "ಆ ಸ್ಟೀಲ್ ಡಬ್ಬಿ ಸೋರೂದಿಲ್ಲ ಹೌದಲ್ಲ? ಛಲೋ ಸಾಮಾನ ಕೊಟ್ಟಾಳ ಅಕಿ" ಅಂದಳು. ಇಂದೂ ಎದ್ದು ಒಳಗೆ ಹೋದಳು.

ಶೈಲಾ ಫೋನಿನಲ್ಲಿ ಬಹಳ ಮರುಗಿದಳು. ಮರುಗಿ, "ಇರಲಿ ಬಿಡ್ರಿ, ನವಿಲು ಆದ್ರೂ ನಡೀತದ" ಎಂದಳು. ಸ್ವಪ್ನಿಲ್ ಇಂಟರ್ನೆಟ್ಟಿನಿಂದ ಸಿದ್ಧ ನವಿಲು ಇಳಿಸಿಕೊಟ್ಟ. ಊರಿಗೆಲ್ಲ ಇರುವ ನವಿಲು ಅದು.

ಆ ಸೀರೆ ಮಶಿನ್ನಿಗೆ ಏರಿದ ಮುಂಜಾನೆ ನಾನು ಮಾತಾಡಿಸಲು ಹೋಗಿದ್ದೆ. ಇಂದೂ ಮಶಿನ್ ನೋಡಿಕೊಳ್ಳುತ್ತಿದ್ದಳು. ನವಿಲಿನ ಗರಿ ಖಟಖಟ ಎಂದು ಬೀಳುತ್ತಿತ್ತು. ಬಸವಣ್ಣೆವ್ವ ಕಂಪ್ಯೂಟರಿನ ಗಾಜಿಗೆ ಮೂಗು ಹಚ್ಚಿ ಕೂತಿದ್ದಳು. ಹೊರಗಿನ ಕಸೂತಿ ತೆರೆಯುವಳು, ಮುಚ್ಚುವಳು. ಒಳಗೆ ಹೋಗಿ ಅಲ್ಲಿಯ ಕಸೂತಿ ತೆರೆಯುವಳು.

"ಏನ್ ನೋಡ್ತಿ ತಂಗಿ?" ಎಂದೆ.

"ಗವಂತಿ ನೋಡಾಕತ್ತೀನಿ ಅಣ್ಣಾ" ಎಂದಳು, ತಿರುಗದೆ. "ಭಾಳ ಛಲೋ ಬಂದದ. ಈ ಕಡಿಂದ ನೋಡಿದ್ರೂ ಏನಿಲ್ಲ, ಆ ಕಡಿಂದ ನೋಡಿದ್ರೂ ಏನಿಲ್ಲ."