ಫಕೀರವ್ವ ಫ್ರೀ ಇಲ್ಲ

ಮಹಾರಾಷ್ಟ್ರದ ಇಚಲಕರಂಜಿಯ ಫಕೀರವ್ವನಿಗೆ ಇಂಗ್ಲಿಷಿನ ಮೇಲೆ ಸಿಟ್ಟಿಲ್ಲ. ಬೀಮು, ಮೋಟರು, ಶಿಫ್ಟು ಎಂದು ಅವಳೂ ದಿನವಿಡೀ ಆಡುತ್ತಾಳೆ. ಅವಳ ಹೊಟ್ಟೆ ಉರಿಯುವುದು ಒಂದೇ ಒಂದು ಶಬ್ದಕ್ಕೆ: ಫ್ರೀ. ಮೊದಮೊದಲು ಅದೂ ಒಳ್ಳೆಯ ಶಬ್ದವೇ ಆಗಿತ್ತು. ಸೀರೆ ಕೊಂಡರೆ ಜಂಪರಿನ ತುಂಡು ಫ್ರೀ. ತಿರುಗದೆ ಹಿಡಿದುಕೊಂಡ ಲೂಮಿನ ಗಾಲಿಗೆ ಎಣ್ಣೆ ಬಿಟ್ಟು ಅಲ್ಲಾಡಿಸಿದರೆ ಗಾಲಿ ಫ್ರೀ. ಹೊಸ ಸೊಸೆ ಎಲ್ಲರೊಡನೆ ನಕ್ಕು ಮಾತಾಡಿದರೆ ಹುಡುಗಿ ಭಾಳ ಫ್ರೀ. ಅಷ್ಟಕ್ಕೇ ನಿಂತಿದ್ದರೆ ಯಾರ ಗಂಟು ಹೋಗುತ್ತಿತ್ತು?

ಆದರೆ ಅವಳು ದುಡಿಯುತ್ತಿದ್ದ ಮಗ್ಗದ ಕಾರ್ಖಾನೆಯ ಮಾಲೀಕ ಆಬಾಸಾಹೇಬ ಹಳೆಯ ಲೂಮುಗಳನ್ನು ಮಾರಿ, ಲಾಳಿಯೇ ಬೇಡದ ಹೊಸ ಲೂಮು ತಂದ. ಲಾಳಿ ಇಲ್ಲವೆಂದ ಮೇಲೆ ಅದರೊಳಗಿಡುವ ಕಂಡಿಕೆ ಯಾಕೆ? ಕಂಡಿಕೆಗೆ ನೂಲು ಸುತ್ತುತ್ತಲೇ ತಲೆ ನರೆಸಿಕೊಂಡ ಫಕೀರವ್ವ ಯಾಕೆ? "ಮಾವಶೀ, ಆಜಪಾಸೂನ ತುಮ್ಹೀ ಫ್ರೀ" ಎಂದುಬಿಟ್ಟ, ಚಿಕ್ಕಮ್ಮಾ, ಇವತ್ತಿನಿಂದ ನೀವು ಫ್ರೀ ಅಂತ. ಕೆಲಸದಿಂದ ತೆಗೆದೆ ಅನ್ನಲು ಮಹಾರಾಯನಿಗೆ ಬಾಯಿ ಬರಲಿಲ್ಲ. ಏನೋ ದೊಡ್ಡ ಉಪಕಾರ ಮಾಡಿದವನ ಹಾಗೆ ನಕ್ಕ ಬೇರೆ.

ಮನೆಗೆ ಬಂದರೆ ಶಬ್ದವೂ ಬೆನ್ನು ಹತ್ತಿ ಬಂತು. ಗ್ಯಾಸಿನ ಸಿಲಿಂಡರಿಗೆ ಕಾಯುವವಳು ಫಕೀರವ್ವ, ಯಾಕೆಂದರೆ ಫ್ರೀ. ರೇಷನ್ ಪಾಳಿಗೆ ನಿಲ್ಲುವವಳೂ ಅವಳೇ. ಪಕ್ಕದ ಮನೆಯ ತಂಗೆವ್ವ ಕೂಡ ಮೊಮ್ಮಗಳನ್ನು ಅವಳ ತೊಡೆಯ ಮೇಲೆ ಹಾಕಿ ಪೇಟೆಗೆ ಹೋಗತೊಡಗಿದಳು. ಟೆಂಪೋ ಕೆಟ್ಟಿತೆಂದು ಹಾಸಿಗೆಯಲ್ಲಿ ಮೊಬೈಲು ತಿಕ್ಕುತ್ತ ಬಿದ್ದಿದ್ದ ಮಗ ಧನರಾಜ ಮಾತ್ರ ಫ್ರೀ ಅಲ್ಲ, ಅವನು 'ರೆಸ್ಟ್' ಮಾಡುತ್ತಿದ್ದಾನಂತೆ! ಗಂಡಸು ಬಿದ್ದುಕೊಂಡರೆ ರೆಸ್ಟು, ಹೆಂಗಸು ಬೋಗುಣಿ ತಿಕ್ಕುತ್ತಿದ್ದರೂ ಫ್ರೀ. ಯಾವ ಸಾಲೆಯಲ್ಲಿ ಕಲಿಸುತ್ತಾರೋ ಈ ಸುಡುಗಾಡು ಇಂಗ್ಲಿಷನ್ನು!

ಅವಳು ಯಾರಿಗೂ ಹೇಳದೆ ಒಂದು ಗಾರ್ಮೆಂಟಿನಲ್ಲಿ ಕೆಲಸ ಕೇಳಿ ಬಂದಳು. ಹೊಲಿದ ಅಂಗಿಗಳಿಂದ ಜೋತಾಡುವ ದಾರ ಕತ್ತರಿಸುವ ಕೆಲಸ. ನೋಡೋಣ, ಸೋಮವಾರ ಬಾ ಎಂದಿದ್ದರು. ರವಿವಾರ ಸಂಜೆಯೇ ಗಡಹಿಂಗ್ಲಜದಿಂದ ನಾದಿನಿ ನಾಗೂಬಾಯಿಯ ಫೋನು ಬಂತು: ಮೊಣಕಾಲಿನ ಆಪರೇಷನ್ ಆಗಿದೆ, ಎರಡು ತಿಂಗಳು ಯಾರಾದರೂ ಜೊತೆಗಿರಬೇಕು. ಫೋನು ಹಿಡಿದಿದ್ದ ಧನರಾಜ ತಾಯಿಯ ಕಡೆ ತಿರುಗಿಯೂ ನೋಡಲಿಲ್ಲ.

"ಅವ್ವ ಫ್ರೀನ ಅದಾಳಲ್ಲ ಅತ್ತಿ, ನಾಳೆ ಕಳಸ್ತೇನಿ."

"ನನ್ನ ಒಂದ ಮಾತ ಕೇಳಿದೇನೋ?" ಫಕೀರವ್ವ ಕೈಯಲ್ಲಿದ್ದ ಚಹಾದ ಬಸಿಯನ್ನು ಕುಕ್ಕಿದಳು.

"ಅದರಾಗ ಕೇಳೂದೇನೈತಿ?" ಎಂದ ಗಂಡ ಯಲಗೂರಪ್ಪ. "ನನ್ನ ತಂಗಿ ಅಲ್ಲೇನ ಆಕಿ? ಹೋಗಿ ಬಾ."

"ನಾಗೂನ ಮ್ಯಾಲ ನನಗ ಸಿಟ್ಟಿಲ್ರಿ. ನಾಳೆ ಕೆಲಸ ಕೇಳಾಕ ಹೊಂಟೇನಿ. ಸಿಗಲಿಲ್ಲಂದ್ರ ನಾನಾಗೇ ಗಡಹಿಂಗ್ಲಜದ ಬಸ್ ಹತ್ತತೇನಿ. ಸಿಕ್ಕಿತೋ, ನಿಮ್ಮ ತಂಗೀನ ನೀವ ನೋಡ್ಕೊಳ್ರಿ."

ಗಂಡ, ಮಗ ಇಬ್ಬರೂ ಮುಖ ಮುಖ ನೋಡಿಕೊಂಡು ನಕ್ಕರು. ಆ ನಗು ಅವಳ ಮೈಗೆಲ್ಲ ಉರಿ ಹಚ್ಚಿತು.

ಸೋಮವಾರ ಗಾರ್ಮೆಂಟಿನಲ್ಲಿ ಸುಪರ್‌ವೈಸರ್ ಮನೀಷಾ, ಮಗಳ ವಯಸ್ಸಿನವಳು, ಕೇಳಿದ್ದೇ ಇದು: "ಮಾವಶೀ, ಪೂರ್ಣ ದಿವಸ ಫ್ರೀ ಆಹಾತ ನಾ?"

ನಿನ್ನೆಯಿಂದ ಕುದಿಯುತ್ತಿದ್ದ ಎಸರು ಉಕ್ಕಿಬಿಟ್ಟಿತು. "ನಾಹೀ! ಮೀ ಫ್ರೀ ನಾಹೀ! ದುಡಸ್ಕೊಂಡ್ರ ಪಗಾರ ಕೊಡಬೇಕ!" ಎಂದು ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ ಹರಿಹಾಯ್ದು ಫಕೀರವ್ವ ಹೊರಬಿದ್ದಳು.

ಗೇಟಿನ ಹತ್ತಿರ ಕಸ ಹೊಡೆಯುತ್ತ ಎಲ್ಲ ಕೇಳಿಸಿಕೊಂಡಿದ್ದ ಅಕ್ಕವ್ವ ಅವಳ ಕೈ ಹಿಡಿದು ನಿಲ್ಲಿಸಿದಳು. "ಹುಚ್ಚಿ ಅದೀಯೇನ ಯವ್ವಾ? ಪುಕ್ಕಟೆ ದುಡೀತೀಯೇನ ಅಂತ ಕೇಳಿಲ್ಲ ಆಕಿ. ಇಡೀ ದಿನ ಪುರಸೊತ್ತ ಐತೇನ ಅಂತ ಕೇಳ್ಯಾಳ!"

ಫಕೀರವ್ವನಿಗೆ ನಾಚಿಕೆಯಿಂದ ಕಿವಿ ಬಿಸಿಯಾದವು. ಬಂದ ಕೂಳನ್ನು ತಾನೇ ಒದ್ದೆನಲ್ಲ ಎಂದು ಹಣೆ ಬಡಿದುಕೊಂಡು ಒಳಗೆ ಓಡಿದಳು. ಎಲ್ಲರ ಎದುರು ಆ ಹುಡುಗಿಗೆ ಕೈಮುಗಿದು, "ಚುಕಲಂ ಬಾಯೀ, ಮಾಫ ಕರಾ" ಎಂದಳು, ತಪ್ಪಾಯಿತು, ಮಾಫಿ ಮಾಡು ಅಂತ. ಮನೀಷಾ ದೊಡ್ಡ ಮನಸ್ಸಿನಿಂದ ನಕ್ಕು ಕೈಗೆ ಕತ್ತರಿ ಕೊಟ್ಟಳು. ಮೊದಲ ತಿಂಗಳು ಟ್ರಾಯಲ್ ಎಂದಳು. ಪಗಾರ ಎಷ್ಟೆಂದು ಫಕೀರವ್ವ ಮೆಲ್ಲಗೆ ಕೇಳಿದಳು.

"ಪಗಾರ ನಾಹೀ ಮಾವಶೀ. ಟ್ರಾಯಲ್ ಫ್ರೀ ಅಸತೋ."

ಫಕೀರವ್ವ ಕತ್ತರಿಯನ್ನು ಮೇಜಿನ ಮೇಲಿಟ್ಟಳು. ಈ ಸಲ ಕೂಗಾಡಲಿಲ್ಲ.

"ಹಂಗಾರ ನಾ ಕೇಳಿದ ಮಾಫಿ ವಾಪಸ್ ಕೊಡು."

ಮನೀಷಾಳಿಗೆ ಕನ್ನಡ ತಿಳಿಯಲಿಲ್ಲ. ಫಕೀರವ್ವ ಅದನ್ನೇ ಮರಾಠಿಯಲ್ಲಿ, ಒಂದೊಂದೇ ಶಬ್ದ ಬಿಡಿಸಿ ಹೇಳಿದಳು: "ಮಾಝೀ ಮಾಫೀ ಪರತ ದೇ." ಹೊಲಿಗೆಯ ಮಷೀನುಗಳು ಒಂದೊಂದಾಗಿ ನಿಂತವು. ಅವಳು ಕದಲಲಿಲ್ಲ. ಕಡೆಗೆ ಆ ಹುಡುಗಿಯೇ ತಲೆ ತಗ್ಗಿಸಿ, "ಬರಂ, ಘ್ಯಾ" ಎಂದು ಗೊಣಗಿದಳು, ಆಯ್ತು, ತಗೊಳ್ಳಿ ಅಂತ.

ಗಡಹಿಂಗ್ಲಜದ ಬಸ್ಸಿಗೆ ಇನ್ನೂ ಹೊತ್ತಿತ್ತು. ಫಕೀರವ್ವ ಪಕ್ಕದ ಗಾರ್ಮೆಂಟಿನ ಗೇಟಿಗೆ ಹೋಗಿ ಮೊದಲು ಪಗಾರ ಕೇಳಿದಳು, ಆಮೇಲೆ ಹೆಸರು ಹೇಳಿದಳು.