ಕೋಟು ನೋಡಿ ಸುತ್ತಿದ ರುಮಾಲು

“ಸಾಹೇಬ್ರ, ತಲಿ ಸ್ವಲ್ಪ ಬಗ್ಗಸ್ರಿ” ಎನ್ನುತ್ತ ವಧುವಿನ ಚಿಕ್ಕಪ್ಪ ನನಗೆ ರುಮಾಲು ಸುತ್ತಿಯೇಬಿಟ್ಟರು. ರಟ್ಟೀಹಳ್ಳಿಯ ಆ ಮದುವೆಯಲ್ಲಿ ನಾನು ವರನ ಪಕ್ಕದ ಮನೆಯವನು, ಅಷ್ಟೆ. ಸಾಹೇಬನಾಗಿದ್ದು ಭಾವನಿಂದ ಇಸಿದುಕೊಂಡ ಕೋಟಿನಿಂದ. ಬೀಗರಿಗೆಂದು ತಂದಿದ್ದ ರುಮಾಲುಗಳಲ್ಲಿ ಅದೇ ಕೊನೆಯದು. ಮಾಸಿದ ಅಂಗಿಯಲ್ಲಿ ನನ್ನ ಪಕ್ಕ ನಿಂತಿದ್ದ ಹಿರಿಯರು ಬರಿದಲೆಯಲ್ಲೇ ಉಳಿದರು. ಅವರು ವರನ ಸೋದರಮಾವ ಎಂದು ನನಗೆ ಗೊತ್ತಿತ್ತು. ಆದರೂ ಬಾಯಿ ಬಿಡಲಿಲ್ಲ.

ಕೊನೆಗೆ ನಾಚಿ ರುಮಾಲು ತೆಗೆಯಹೋದರೆ ಅವರೇ ಕೈ ಹಿಡಿದರು. “ತಗೀಬ್ಯಾಡ್ರಿ, ಕೋಟಿನ ಮ್ಯಾಲೆ ಚಲೋ ಕಾಣತೈತಿ.” ದನಿಯಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲ.

ಕೋಟು ಭಾವನಿಗೆ ಮರಳಿಸಿದ್ದೇನೆ. ನಾಳೆ ಶಿಗ್ಗಾವಿಯಲ್ಲೊಂದು ಮದುವೆ. ಬಿಳಿ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಾಗ ಕೈ ತಾನಾಗಿ ತಲೆಗೆ ಹೋಯಿತು, ರುಮಾಲು ಇನ್ನೂ ಅಲ್ಲೇ ಇದೆಯೇನೋ ಎಂಬಂತೆ.