ಭೂಮಿ ಹುಣ್ಣಿಮೆಯಂದು ಸುಟ್ಟ ಕೈ

ಶಕುನ, ಸೂಚನೆ, ಮೈಮೇಲೆ ಬರುವುದು ಇವೆಲ್ಲ ಕೆಲಸವಿಲ್ಲದವರ ಕಟ್ಟುಕಥೆ ಎಂದು ಎದುರಿಗೇ ಹೇಳಿ ಎಷ್ಟೋ ಜನರ ಮುಖ ಸಣ್ಣದು ಮಾಡಿದವಳು ನಾನು. ಕೊಪ್ಪದಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತಿದ್ದೆ. ಬಾಯಿಯೂ ಸ್ವಲ್ಪ ಜೋರು. ಈಗ ಬರೆಯುತ್ತಿರುವುದನ್ನು ಬೇರೆ ಯಾರಾದರೂ ಹೇಳಿದ್ದರೆ ನಾನೇ ಮೊದಲು ನಗುತ್ತಿದ್ದೆ. ನೀವು ನಕ್ಕರೂ ನನಗೆ ಬೇಸರವಿಲ್ಲ.

೨೦೦೬ರ ಮಾತು. ಕಾಫಿ ಎಸ್ಟೇಟುಗಳ ಯಂತ್ರ ರಿಪೇರಿ ಮಾಡುತ್ತಿದ್ದ ನನ್ನ ಗಂಡ, ಎರಡು ವರ್ಷದ ಮಟ್ಟಿಗೆ ಪಪುವಾ ನ್ಯೂಗಿನಿಯ ಒಂದು ದ್ವೀಪಕ್ಕೆ ಹೋಗಿದ್ದರು. ಅಲ್ಲಿ ಕೋಕೋ ಒಣಗಿಸುವ ಯಂತ್ರಗಳನ್ನು ನೋಡಿಕೊಳ್ಳುವ ಕೆಲಸ. ಇಲ್ಲಿ ಹರಿಹರಪುರದ ಹತ್ತಿರದ ಮನೆಯಲ್ಲಿ ಅತ್ತೆ ಮತ್ತು ನಾನು.

ಭೂಮಿ ಹುಣ್ಣಿಮೆ ಬಂತು. ಭತ್ತ ಹೊಡೆ ತುಂಬಿ ನಿಂತಾಗ ಭೂಮಿ ಬಸುರಿ ಎಂದು ನಮ್ಮಲ್ಲಿ ಬಯಕೆಯ ಊಟ ಬಡಿಸುತ್ತಾರೆ. ರಾತ್ರಿಯಿಡೀ ಅಡುಗೆ ಮಾಡಿ, ಬೆಳಗಿನ ಜಾವ ಗದ್ದೆಗೆ ಒಯ್ದು ಎಡೆಯಿಟ್ಟು, ಒಂದು ಕಡುಬನ್ನು ಮಣ್ಣಿನಲ್ಲಿ ಹುಗಿಯಬೇಕು. ನಮ್ಮ ಮನೆಯಲ್ಲಿ ಹುಗಿಯುವವರೆಗೆ ಯಾರೂ ತುಟಿ ಬಿಚ್ಚುವಂತಿಲ್ಲ. ಬಸುರಿ ಬೆಚ್ಚಿಬಿದ್ದರೆ ಮನೆಗೆ ಕೇಡು ಎಂದು ಅತ್ತೆಯ ನಂಬಿಕೆ. ಪ್ರತಿ ವರ್ಷ ಅವರ ಮಗ ಮಾಡುತ್ತಿದ್ದ ಕೆಲಸ ಆ ಸಲ ನನ್ನ ಪಾಲಿಗೆ ಬಂತು.

ನಾಲ್ಕು ಗಂಟೆ ದಾಟಿತ್ತು. ಅತ್ತೆ ಪಕ್ಕದಲ್ಲೇ ನಿಂತಿದ್ದರು. ಮನಸ್ಸಿನಲ್ಲೇ ನಗುತ್ತ ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತು, ಕಡುಬು ಹಿಡಿದ ಕೈಯನ್ನು ಕೆಸರಿಗೆ ಇಳಿಸಿದೆ. ಅಯ್ಯಪ್ಪಾ! ಕುದಿಯುವ ಹಂಡೆಗೆ ಕೈ ಹಾಕಿದ ಹಾಗಾಯಿತು. ಎಷ್ಟು ಓದಿದ್ದರೂ ಗಂಡನ ಹೆಸರು ಹಿಡಿದು ಕರೆಯದ ರೂಢಿ ನನ್ನನ್ನು ಬಿಟ್ಟಿರಲಿಲ್ಲ. ಆ ಹೊತ್ತು ಮಾತ್ರ ಅವರ ಹೆಸರು ಹಿಡಿದೇ ಕಿರುಚಿಬಿಟ್ಟೆ.

"ಅಯ್ಯೋ ಮಾರಾಯ್ತಿ, ಎಂತ ಮಾಡ್ದೆ ನೀನು! ಬಸ್ರಿ ಎದ್ರು ಹಿಂಗಾ ಕೂಗೋದು?" ಎಂದು ಅತ್ತೆ ಹಣೆ ಬಡಿದುಕೊಂಡರು. ಮಣ್ಣು ಸುಡುತ್ತಿದೆ ಅಂದೆ. ಅವರು ಅದೇ ಜಾಗಕ್ಕೆ ಕೈ ಹಾಕಿ ನೋಡಿದರು. "ಥಂಡಿ ಉಂಟಲ್ಲೆ, ಸುಡೋದು ಎಂತದು?" ನಾನೂ ಎಡಗೈ ಹಾಕಿದೆ. ತಣ್ಣಗೇ ಇತ್ತು. ಆದರೆ ನನ್ನ ಬಲ ಅಂಗೈ ತುಂಬ ಗುಳ್ಳೆ ಎದ್ದಿತ್ತು. ಬಿಸಿನೀರು ಬಿತ್ತಾ ಎಂದು ಡಾಕ್ಟರು ಕೇಳಿದಾಗ ಹೌದು ಅಂದೆ. ಇನ್ನೇನು ಹೇಳಲಿ?

ಮಾರನೆಯ ದಿನ ಟಿವಿಯಲ್ಲಿ ನನ್ನ ಗಂಡ ಇದ್ದ ದ್ವೀಪದ ಜ್ವಾಲಾಮುಖಿ ಸಿಡಿದ ಸುದ್ದಿ ಬಂತು. ಮುಗಿಲಿಗೆ ಏರಿದ ಬೂದಿ ನೋಡಿದವಳೇ ಅವರ ನಂಬರು ಒತ್ತಿದೆ. ಫೋನು ಸಿಗಲೇ ಇಲ್ಲ. ಸಿಡಿದದ್ದು ಹಿಂದಿನ ದಿನ, ಅಲ್ಲಿಯ ಬೆಳಿಗ್ಗೆ ಎಂಟೂಮುಕ್ಕಾಲಿಗಂತೆ. ಪಾಠ ಮಾಡುವವಳಲ್ಲವೇ, ಬೆರಳು ಮಡಚಿ ನೋಡಿದೆ. ಅಲ್ಲಿಯ ಗಡಿಯಾರ ನಾಲ್ಕೂವರೆ ಗಂಟೆ ಮುಂದೆ. ನಮ್ಮಲ್ಲಿ ಆಗ ಬೆಳಗಿನ ಜಾವ ನಾಲ್ಕೂಕಾಲು, ನಾನು ಕಿರುಚಿದ ಹೊತ್ತು.

ಅತ್ತೆ ನನ್ನೊಡನೆ ಮಾತು ಬಿಟ್ಟರು. ಒಮ್ಮೆ ಮಾತ್ರ, "ನೀ ಕೂಗಿದ್ದಕ್ಕೇ ಭೂಮಿ ಬೆಚ್ಚಿತು" ಅಂದರು. ನನ್ನ ಬಾಯಿಂದಲೇ ಗಂಡನ ಜೀವ ಹೋಯಿತು ಎಂದು ನನಗೂ ಅನ್ನಿಸತೊಡಗಿತ್ತು.

ನಾಲ್ಕನೆಯ ದಿನ ಅವರದೇ ಫೋನು ಬಂತು. ಬದುಕಿದ್ದರು! ಕಿಟಕಿಯ ಪಕ್ಕ ಚಹಾ ಕುಡಿಯುತ್ತ ಕೂತವರು ಎದ್ದು ಹಿತ್ತಲ ಬಾಗಿಲಿಗೆ ಹೋದರಂತೆ. ಅಷ್ಟರಲ್ಲಿ ಸಿಡಿದ ಹೊಡೆತಕ್ಕೆ ಗಾಜೆಲ್ಲ ಪುಡಿಯಾಗಿ, ಅವರು ಕೂತಿದ್ದ ಕುರ್ಚಿಯ ಬೆನ್ನಿಗೆ ಚೂರುಗಳು ನಾಟಿಕೊಂಡವಂತೆ. ಆ ಹೊತ್ತಿಗೆ ಸರಿಯಾಗಿ ಎದ್ದದ್ದು ಯಾಕೆ ಎಂದು ಕೇಳಿದೆ.

"ನೀನೇ ಕರೆದ್ಯಲ್ಲೆ ಹಿತ್ಲಿಂದ! ಮದುವೆ ಆದಾಗಿಂದ ಒಂದಿನ ನನ್ನ ಹೆಸರು ಹಿಡಿದವಳಲ್ಲ. ಎಂತ ಆಯ್ತೋ ಅಂತ ಓಡ್ದೆ."

ರಿಸೀವರನ್ನು ಅತ್ತೆಯ ಕೈಗೆ ಕೊಟ್ಟು, ನನ್ನ ಬಲ ಅಂಗೈ ನೋಡುತ್ತ ಕೂತೆ.

ತಣ್ಣಗಿನ ಕೆಸರು ನನ್ನೊಬ್ಬಳ ಕೈಯನ್ನು ಸುಟ್ಟದ್ದು ಹೇಗೆ? ಸುಟ್ಟಾಗ ಅಮ್ಮಾ ಎನ್ನುವ ಬದಲು ಆ ಹೆಸರೇ ಬಾಯಿಗೆ ಬಂದದ್ದು ಯಾಕೆ? ನನಗೆ ಗೊತ್ತಿಲ್ಲ. ಅವರು ವಾಪಸು ಬಂದ ಮೇಲೆ, ಇನ್ನೊಮ್ಮೆ ಹೆಸರು ಹಿಡಿದು ಕರೆಯೇ ಎಂದು ಎಷ್ಟೋ ಸಲ ಕೇಳಿದ್ದಾರೆ. ಬಾಯಿ ತೆರೆಯುತ್ತೇನೆ, ಹೆಸರು ಹೊರಡುವುದಿಲ್ಲ.